ಕೀ ತೋರಿಸದೆ ಪಟ್ಟಿ ತರಿಸಿದ್ದು: ಎಐ ಏಜೆಂಟ್ ಜೊತೆ ಸೀಕ್ರೆಟ್ ಸ್ಕ್ಯಾನಿಂಗ್ ಮುಗಿಸಿದ ಅನುಭವ

ನಮ್ಮದು ಮೈಸೂರಿನ ಒಂದು ಸಣ್ಣ ಕಂಪನಿ. ಅಂಗಡಿಗಳಿಗೆ, ಸಹಕಾರ ಸಂಘಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕೋಡ್ ಬಹಳ ಹಳೆಯದು. ಎಷ್ಟೋ ಜನ ಬಂದು ಬರೆದು ಹೋಗಿದ್ದಾರೆ. ಇತ್ತೀಚೆಗೆ ಒಬ್ಬ ದೊಡ್ಡ ಗ್ರಾಹಕರು ಬಂದರು. ಒಪ್ಪಂದಕ್ಕೆ ಮೊದಲು ಅವರ ಕಡೆಯಿಂದ ಒಂದು ಆಡಿಟ್ ಫಾರಂ ಬಂತು. ಅದರಲ್ಲಿ ಒಂದು ಪ್ರಶ್ನೆ ಹೀಗಿತ್ತು: ನಿಮ್ಮ ಕೋಡ್‌ನಲ್ಲಿ, ಹಳೆಯ ಕಮಿಟ್‌ಗಳೂ (ಹಿಂದೆ ದಾಖಲಾದ ಬದಲಾವಣೆಗಳೂ) ಸೇರಿದಂತೆ, ಸಿಕ್ಕಿರುವ ಪಾಸ್‌ವರ್ಡ್, ಟೋಕನ್, ಎಪಿಐ ಕೀಗಳ (ಪ್ರೋಗ್ರಾಮ್‌ಗಳು ಬೇರೆ ಸೇವೆಯೊಳಗೆ ಹೋಗಲು ಬಳಸುವ ಗುಟ್ಟಿನ ಅಕ್ಷರಸಾಲು) ಪಟ್ಟಿ ಕೊಡಿ. ಪ್ರತಿಯೊಂದನ್ನೂ ಯಾವಾಗ ಬದಲಾಯಿಸಿದಿರಿ ಎಂದು ಬರೆಯಿರಿ. ಪಟ್ಟಿಯಲ್ಲಿ ಕೀ ಮಾತ್ರ ಎಲ್ಲೂ ಕಾಣಿಸಬಾರದು.

ಈ ಕೆಲಸ ನನ್ನ ಪಾಲಿಗೆ ಬಂತು. ಈಗ ಮುಗಿದಿದೆ. ನಡುವೆ ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡೆವು ಅಂತ ಬರೆದಿಟ್ಟರೆ ಇದೇ ದಾರಿಯಲ್ಲಿ ಬರುವವರಿಗೆ ಅನುಕೂಲ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕೋಡ್ ಇರುವುದು ಗಿಟ್‌ಹಬ್ ಎಂಬ ತಾಣದಲ್ಲಿ. ಅಲ್ಲಿನ ಸೀಕ್ರೆಟ್ ಸ್ಕ್ಯಾನಿಂಗ್, ಅಂದರೆ ಕೋಡ್‌ನಲ್ಲಿ ಉಳಿದ ಕೀಗಳನ್ನು ಹುಡುಕಿ ಅಲರ್ಟ್ ಕೊಡುವ ಸೌಲಭ್ಯ, ಪಬ್ಲಿಕ್ ರೆಪೊಗಳಿಗೆ (ಕೋಡ್ ಸಂಗ್ರಹಗಳಿಗೆ) ಉಚಿತ. ಪ್ರೈವೇಟ್ ರೆಪೊಗಳಿಗೆ ದುಡ್ಡು ಕೊಡಬೇಕು. ಮೊದಲು ಇದು ದೊಡ್ಡ ಎಂಟರ್‌ಪ್ರೈಸ್ ಪ್ಲಾನ್ ಇದ್ದವರಿಗೆ ಮಾತ್ರ ಸಿಗುತ್ತಿತ್ತು. 2025ರ ಏಪ್ರಿಲ್‌ನಿಂದ 'ಸೀಕ್ರೆಟ್ ಪ್ರೊಟೆಕ್ಷನ್' ಅಂತ ಬೇರೆ ಮಾಡಿ, ಟೀಮ್ ಪ್ಲಾನ್ ಇರುವ ನಮ್ಮಂಥವರಿಗೂ ಕೊಡುತ್ತಿದ್ದಾರೆ. ಆಗ ಘೋಷಿಸಿದ ದರ ಒಬ್ಬ ಸಕ್ರಿಯ ಕಮಿಟರ್‌ಗೆ ತಿಂಗಳಿಗೆ 19 ಡಾಲರ್. ಸಕ್ರಿಯ ಅಂದರೆ ಕಳೆದ 90 ದಿನಗಳಲ್ಲಿ ಆ ರೆಪೊಗೆ ಕಮಿಟ್ ಮಾಡಿದವರು. ಖರ್ಚಿನ ಲೆಕ್ಕ ಹಾಕುವಾಗ ಇದನ್ನು ಗಮನಿಸಿ. ಇಡೀ ಆಫೀಸಿನ ತಲೆ ಎಣಿಸಬೇಕಿಲ್ಲ. ಯಾರೂ ಮುಟ್ಟದ ಹಳೆಯ ರೆಪೊಗೆ ಆನ್ ಮಾಡಿದರೆ ಹೆಚ್ಚಿನ ಹಣ ಬೀಳುವುದೇ ಇಲ್ಲ. ನಮ್ಮ ಹಳೆಯ ರೆಪೊಗಳಲ್ಲೇ ಕೊಳಕು ಜಾಸ್ತಿ ಇತ್ತು. ಹಾಗಾಗಿ ಅಕೌಂಟ್ಸ್‌ನವರನ್ನು ಒಪ್ಪಿಸುವುದು ಸುಲಭವಾಯಿತು.

ಆನ್ ಮಾಡಿದ ಮೇಲೆ ಅಲರ್ಟ್‌ಗಳು ನೂರಾರು ಬಂದವು. ಒಂದೊಂದನ್ನೂ ಕೈಯಲ್ಲಿ ತೆರೆದು, ಯಾವ ಸೇವೆಯದು, ಯಾವ ಫೈಲ್‌ನಲ್ಲಿದೆ, ಯಾರು ಬದಲಾಯಿಸಬೇಕು ಎಂದು ವಿಂಗಡಿಸುತ್ತಾ ಕೂತರೆ ಉಳಿದ ಕೆಲಸ ನಿಂತುಹೋಗುತ್ತದೆ. ನಮ್ಮ ಟೀಮ್ ಆಗಲೇ ಕೋಡ್ ಬರೆಯಲು ಎಐ ಏಜೆಂಟ್ (ಎಐ ಮಾಡೆಲ್ ನಡೆಸುವ, ತಾನೇ ಫೈಲ್ ತೆರೆದು ಕಮಾಂಡ್ ಓಡಿಸಬಲ್ಲ ಪ್ರೋಗ್ರಾಮ್) ಬಳಸುತ್ತಿತ್ತು. ವಿಂಗಡಿಸುವ ಕೆಲಸ ಅದಕ್ಕೆ ಕೊಡೋಣ ಎಂದುಕೊಂಡೆವು. ಟೀಮ್ ಲೀಡ್ ಮೇಡಂ ಒಪ್ಪಿದರು, ಒಂದೇ ಒಂದು ಷರತ್ತಿನ ಮೇಲೆ: "ಒಂದು ಕೀ ಕೂಡ ಮಾಡೆಲ್ ಕಣ್ಣಿಗೆ ಬೀಳಬಾರದು. ಬಿದ್ದರೆ ಅದು ಹೊರಗೆ ಹೋದ ಹಾಗೇ ಲೆಕ್ಕ."

ಆ ಷರತ್ತು ಸರಿಯಾದದ್ದೇ. ಏಜೆಂಟ್‌ಗೆ ತೋರಿಸಿದ್ದೆಲ್ಲ ಮಾಡೆಲ್ ನಡೆಸುವವರ ಸರ್ವರ್‌ಗೆ ಹೋಗುತ್ತದೆ. ನಮ್ಮ ಲ್ಯಾಪ್‌ಟಾಪ್‌ನಲ್ಲೂ ಮಾತುಕತೆಯ ಲಾಗ್ ಆಗಿ ಉಳಿಯುತ್ತದೆ. ಒಂದು ಕಡೆ ಸೋರಿದ್ದನ್ನು ಹುಡುಕಲು ಹೋಗಿ ಇನ್ನೆರಡು ಕಡೆ ಸೋರಿಸಿದಂತಾಗುತ್ತದೆ.

ಏಜೆಂಟ್‌ಗೆ ಹೊರಗಿನ ಸಾಧನಗಳನ್ನು ಜೋಡಿಸಲು ಈಗ ಎಲ್ಲರೂ ಬಳಸುವುದು ಎಂಸಿಪಿ, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಇದನ್ನು ಬಿಡುಗಡೆ ಮಾಡಿತು. ಗಿಟ್‌ಹಬ್‌ನವರದೇ ಒಂದು ಎಂಸಿಪಿ ಸರ್ವರ್ ಇದೆ. ಅದರಲ್ಲಿ ಸೀಕ್ರೆಟ್ ಸ್ಕ್ಯಾನಿಂಗ್ ಅಲರ್ಟ್‌ಗಳ ಪಟ್ಟಿ ತರುವ ಒಂದು ಟೂಲ್, ಒಂದೇ ಅಲರ್ಟ್‌ನ ವಿವರ ತರುವ ಇನ್ನೊಂದು ಟೂಲ್ ಇವೆ. ಜೋಡಿಸಿದೆ. "ಅಲರ್ಟ್‌ಗಳ ಪಟ್ಟಿ ತಾ" ಎಂದೆ. ಅಂಥ ಟೂಲ್ ತನ್ನ ಬಳಿ ಇಲ್ಲ ಎಂದಿತು ಏಜೆಂಟ್.

ಕಾರಣ ಸಣ್ಣದು. ಆ ಸರ್ವರ್‌ನಲ್ಲಿ ಟೂಲ್‌ಗಳನ್ನು ಗುಂಪು ಗುಂಪಾಗಿ ಇಟ್ಟಿದ್ದಾರೆ. ರೆಪೊ, ಇಶ್ಯೂ, ಪುಲ್ ರಿಕ್ವೆಸ್ಟ್ ಗುಂಪುಗಳು ತಾವಾಗಿಯೇ ಆನ್ ಇರುತ್ತವೆ. 'ಸೀಕ್ರೆಟ್ ಪ್ರೊಟೆಕ್ಷನ್' ಗುಂಪನ್ನು ನಾವೇ ಸೆಟ್ಟಿಂಗ್‌ನಲ್ಲಿ ಹೆಸರು ಬರೆದು ಸೇರಿಸಬೇಕು. ಸೇರಿಸುವಾಗಲೇ ಉಳಿದ ಗುಂಪುಗಳನ್ನು ತೆಗೆದುಬಿಡಿ, ರೀಡ್ ಓನ್ಲಿ ಕೂಡ ಆನ್ ಮಾಡಿ. ಉಳಿದ ಗುಂಪುಗಳನ್ನು ಯಾಕೆ ತೆಗೆಯಬೇಕು ಅನ್ನುವುದು ನನಗೆ ಆಮೇಲೆ ಚೆನ್ನಾಗಿ ಅರ್ಥವಾಯಿತು. ಮುಂದೆ ಹೇಳುತ್ತೇನೆ.

ಇಲ್ಲಿಂದ ಟೋಕನ್ ಪ್ರಕರಣ ಶುರು. ಏಜೆಂಟ್‌ಗೆ ನನ್ನ ಪೂರ್ತಿ ಅಧಿಕಾರದ ಟೋಕನ್ ಕೊಡುವ ಮಾತೇ ಇರಲಿಲ್ಲ. ಫೈನ್‌ಗ್ರೇನ್ಡ್ ಟೋಕನ್ ಮಾಡಿದೆ. ಬೇಕಾದ ರೆಪೊಗಳನ್ನು ಮಾತ್ರ ಆರಿಸಿದೆ. 'ಸೀಕ್ರೆಟ್ ಸ್ಕ್ಯಾನಿಂಗ್ ಅಲರ್ಟ್ಸ್' ಅನ್ನುವ ಅನುಮತಿಗೆ ರೀಡ್ ಕೊಟ್ಟೆ. ಏಜೆಂಟ್ ಪಟ್ಟಿ ಕೇಳಿತು. ಬಂದಿದ್ದು 404.

404 ಅಂದರೆ ಅಂಥದ್ದೇನೂ ಇಲ್ಲ ಅಂತ. ರೆಪೊ ಹೆಸರು ತಪ್ಪಿದೆಯೇ ಎಂದು ನೋಡಿದೆ. ಸರಿಯಾಗಿತ್ತು. ಸ್ಕ್ಯಾನಿಂಗ್ ಆನ್ ಇದೆಯೇ ನೋಡಿದೆ. ಇತ್ತು. ಬ್ರೌಸರ್‌ನಲ್ಲಿ ಅಲರ್ಟ್‌ಗಳು ಕಣ್ಣೆದುರೇ ಇವೆ, ಟೋಕನ್‌ಗೆ ಮಾತ್ರ ಇಲ್ಲ. ಅನುಮತಿ ಇಲ್ಲದವರಿಗೆ ಪ್ರೈವೇಟ್ ರೆಪೊ ಇದೆ ಅನ್ನುವ ಸುಳಿವೂ ಸಿಗಬಾರದೆಂದು ಗಿಟ್‌ಹಬ್ 403 (ಅನುಮತಿ ಇಲ್ಲ) ಬದಲು 404 ಕೊಡುತ್ತದೆ. ಆದ್ದರಿಂದ 404 ಬಂದರೆ ಮೊದಲು ಅನುಮತಿಯನ್ನೇ ಅನುಮಾನಿಸಿ.

ನಮ್ಮಲ್ಲಿ ಆಗಿದ್ದು ಇಷ್ಟು. ಸಂಸ್ಥೆಯ ರೆಪೊಗಳಿಗೆ ಫೈನ್‌ಗ್ರೇನ್ಡ್ ಟೋಕನ್ ಮಾಡಿದರೆ ಸಂಸ್ಥೆಯ ಓನರ್ ಒಪ್ಪಿಗೆ ಕೊಡಬೇಕು ಅನ್ನುವ ನಿಯಮ ಆನ್ ಆಗಿತ್ತು. ಒಪ್ಪಿಗೆ ಸಿಗುವವರೆಗೆ ಟೋಕನ್ ಪೆಂಡಿಂಗ್. ಪೆಂಡಿಂಗ್ ಟೋಕನ್‌ಗೆ ಪಬ್ಲಿಕ್ ವಿಷಯಗಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಓನರ್ ಹಕ್ಕು ಇದ್ದವರು ನಮ್ಮ ಡೈರೆಕ್ಟರ್ ಸರ್ ಒಬ್ಬರೇ. ಅವರು ಮನೆಯ ಮದುವೆಗೆಂದು ಶಿರಸಿಗೆ ಹೋಗಿದ್ದರು. ಊರು ಒಳಗಡೆ, ನೆಟ್‌ವರ್ಕ್ ಸಿಗುವುದು ಕಷ್ಟ. ಮದುವೆ ಮನೆಯಲ್ಲಿರುವವರನ್ನು ಪದೇಪದೇ ಕಾಡುವುದಕ್ಕೂ ಮನಸ್ಸು ಬರಲಿಲ್ಲ. ಅವರು ವಾಪಸ್ ಬರುವವರೆಗೆ ಕೆಲಸ ನಿಂತಿತು. ಆಡಿಟ್‌ನವರ ಮೇಲ್ ಮಾತ್ರ ನಿಲ್ಲಲಿಲ್ಲ.

ನೀವು ಈ ಕೆಲಸಕ್ಕೆ ಇಳಿಯುವುದಿದ್ದರೆ ಮೊದಲ ದಿನವೇ ಎರಡು ವಿಷಯ ಕೇಳಿಕೊಳ್ಳಿ. ಟೋಕನ್‌ಗೆ ಒಪ್ಪಿಗೆ ಕೊಡುವವರು ಯಾರು, ಅವರು ಊರಲ್ಲಿ ಇರುತ್ತಾರಾ? ಎರಡನೆಯದು, ಅಲರ್ಟ್ ನೋಡುವ ಹಕ್ಕು ನಿಮಗೇ ಇದೆಯಾ? ಟೋಕನ್‌ನಲ್ಲಿ ಏನೇ ಟಿಕ್ ಮಾಡಿದರೂ, ನಿಮಗಿರುವ ಹಕ್ಕಿಗಿಂತ ಹೆಚ್ಚು ಅದಕ್ಕೆ ಸಿಗುವುದಿಲ್ಲ. ರೆಪೊ ಅಡ್ಮಿನ್ ಅಥವಾ ಸೆಕ್ಯುರಿಟಿ ಮ್ಯಾನೇಜರ್ ಆಗಿದ್ದರೆ ದಾರಿ ಸುಗಮ.

ಒಪ್ಪಿಗೆ ಬಂದ ಮೇಲೂ ಏಜೆಂಟ್‌ಗೆ ನೇರವಾಗಿ ಬಿಡಲಿಲ್ಲ. ಗಿಟ್‌ಹಬ್‌ನ ಎಪಿಐನಿಂದ (ಪ್ರೋಗ್ರಾಮ್‌ಗಳು ಅದನ್ನು ಕೇಳುವ ದಾರಿ) ನಿಜಕ್ಕೂ ಏನು ಬರುತ್ತದೆ ಅಂತ ಟರ್ಮಿನಲ್‌ನಲ್ಲಿ ನಾನೇ ಕರೆದು ನೋಡಿದೆ. ಒಂದು ಅಲರ್ಟ್‌ನ ವಿವರ ಜೇಸನ್ ಎಂಬ ರೂಪದ ಪಠ್ಯವಾಗಿ ಬಂತು. ಅಲರ್ಟ್ ನಂಬರ್, ಹುಟ್ಟಿದ ದಿನಾಂಕ, ಓಪನ್ ಅಥವಾ ರಿಸಾಲ್ವ್ಡ್ ಅನ್ನುವ ಸ್ಥಿತಿ, ಕೀಯ ಬಗೆ. ಅದರ ಕೆಳಗೇ 'ಸೀಕ್ರೆಟ್' ಎಂಬ ಹೆಸರು, ಅದರ ಮುಂದೆ ಎಕೆಐಎ ಅಕ್ಷರಗಳಿಂದ ಶುರುವಾಗುವ ಎಡಬ್ಲ್ಯುಎಸ್ (ಅಮೆಜಾನ್‌ನ ಕ್ಲೌಡ್ ಸೇವೆ) ಕೀ, ಪೂರ್ತಿಯಾಗಿ. ನಮ್ಮ ಬಿಲ್ಲಿಂಗ್ ಬ್ಯಾಕಪ್‌ಗಳನ್ನು ಇಡುವ ಖಾತೆಯದು. ನೋಡಿ ಎದೆ ಧಸಕ್ಕೆಂದಿತು. ಇದನ್ನು ಏಜೆಂಟ್ ಮೂಲಕ ಕರೆದಿದ್ದರೆ ಇಷ್ಟೂ ಮಾಡೆಲ್‌ಗೆ ಹೋಗುತ್ತಿತ್ತು.

ಆ ಎಪಿಐನಲ್ಲೇ 'ಹೈಡ್ ಸೀಕ್ರೆಟ್' ಅನ್ನುವ ಒಂದು ಆಯ್ಕೆ ಇದೆ. ಅದನ್ನು ಟ್ರೂ ಎಂದು ಕಳಿಸಿದರೆ ಕೀ ಮುಚ್ಚಿಕೊಂಡು ಉಳಿದ ವಿವರ ಬರುತ್ತದೆ. ಹೇಳದಿದ್ದರೆ ಫಾಲ್ಸ್, ಅಂದರೆ ಕೀ ಬರುತ್ತದೆ. ಈ ಆಯ್ಕೆಯನ್ನು ಏಜೆಂಟ್‌ನ ನೆನಪಿಗೆ ಬಿಡುವುದು ನನಗೆ ಇಷ್ಟವಾಗಲಿಲ್ಲ. ನೂರು ಸಲ ಸರಿಯಾಗಿ ಕಳಿಸಿ ಒಂದು ಸಲ ಮರೆತರೆ ಮುಗಿಯಿತಲ್ವಾ? ಹಾಗಾಗಿ ನಡುವೆ ನಮ್ಮದೇ ಒಂದು ಪುಟ್ಟ ಎಂಸಿಪಿ ಸರ್ವರ್ ಬರೆದೆವು. ಏಜೆಂಟ್ ಅದನ್ನು ಕೇಳುತ್ತದೆ, ಅದು ಗಿಟ್‌ಹಬ್ ಅನ್ನು ಕೇಳುತ್ತದೆ. ಟೋಕನ್ ಆ ನಡುವಿನ ಸರ್ವರ್ ಬಳಿಯೇ ಇರುತ್ತದೆ. ಮುಚ್ಚುವುದು ಬಿಡುವುದು ಏಜೆಂಟ್ ಕೈಯಲ್ಲಿ ಇಲ್ಲವೇ ಇಲ್ಲ.

ಇದರ ಜೊತೆಗೆ ಗಿಟ್‌ಲೀಕ್ಸ್ ಕೂಡ ಓಡಿಸಿದೆವು. ಕೋಡ್‌ನಲ್ಲಿ ಕೀ ಹುಡುಕುವ ಓಪನ್ ಸೋರ್ಸ್ ಸಾಧನ ಅದು. ನಮ್ಮ ಹಳೆಯ ಪ್ರೋಗ್ರಾಮರ್‌ಗಳು ಡೇಟಾಬೇಸ್ ಪಾಸ್‌ವರ್ಡ್‌ಗಳನ್ನು ಕಾನ್ಫಿಗ್ ಫೈಲ್‌ನಲ್ಲಿ ಹಾಗೇ ಬರೆದಿಟ್ಟಿದ್ದರು. ಅಂಥವಕ್ಕೆ ಎಡಬ್ಲ್ಯುಎಸ್ ಕೀಗೆ ಇರುವಂತೆ ಗುರುತಿಸುವ ಆಕಾರ ಇರುವುದಿಲ್ಲ. ಅವನ್ನು ಹಿಡಿಯಲು ಗಿಟ್‌ಲೀಕ್ಸ್‌ಗೆ ನಮ್ಮದೇ ನಿಯಮಗಳನ್ನು ಬರೆದುಕೊಟ್ಟೆವು. ಅದರಲ್ಲಿ 'ರಿಡ್ಯಾಕ್ಟ್' ಎಂಬ ಆಯ್ಕೆ ಹಾಕಿದರೆ ಕೀ ಇರುವ ಜಾಗದಲ್ಲೆಲ್ಲ 'ರಿಡ್ಯಾಕ್ಟೆಡ್' ಎಂದು ಬರುತ್ತದೆ.

ಇಷ್ಟು ಮಾಡಿ ಏಜೆಂಟ್‌ಗೆ ಪಟ್ಟಿ ಕೊಟ್ಟಾಗ ಹೊಸ ತೊಂದರೆ. ಎಲ್ಲ ಸಾಲಿನಲ್ಲೂ 'ರಿಡ್ಯಾಕ್ಟೆಡ್', 'ರಿಡ್ಯಾಕ್ಟೆಡ್'. ಇದರಲ್ಲಿ ಬೇರೆ ಬೇರೆ ಕೀ ಎಷ್ಟು? ಒಂದೇ ಪಾಸ್‌ವರ್ಡ್ ಹತ್ತು ಕಡೆ ಇದೆಯೋ, ಹತ್ತು ಪಾಸ್‌ವರ್ಡ್ ಇವೆಯೋ? ಗಿಟ್‌ಹಬ್ ಕಡೆ ಇದು ಅಷ್ಟು ಕಷ್ಟವಿಲ್ಲ. ಒಂದು ರೆಪೊದಲ್ಲಿ ಒಂದು ಕೀಗೆ ಒಂದೇ ಅಲರ್ಟ್, ಅದು ಎಲ್ಲೆಲ್ಲಿ ಸಿಕ್ಕಿತು ಅನ್ನುವುದು ಬೇರೆ ಪಟ್ಟಿಯಾಗಿ ಬರುತ್ತದೆ. ಗಿಟ್‌ಲೀಕ್ಸ್ ಹಾಗಲ್ಲ. ಅದು ಕೊಡುವ ಫಿಂಗರ್‌ಪ್ರಿಂಟ್ ಅಂದರೆ ಕಮಿಟ್, ಫೈಲ್, ನಿಯಮದ ಹೆಸರು, ಸಾಲಿನ ಸಂಖ್ಯೆ ಇಷ್ಟನ್ನು ಜೋಡಿಸಿದ್ದು. ಅದೇ ಪಾಸ್‌ವರ್ಡ್ ಪಕ್ಕದ ಫೈಲ್‌ನಲ್ಲಿದ್ದರೆ ಬೇರೆ ಫಿಂಗರ್‌ಪ್ರಿಂಟ್. ಇನ್ನು ಗಿಟ್‌ಹಬ್‌ನ ಕೀ, ಗಿಟ್‌ಲೀಕ್ಸ್‌ನ ಕೀ ಎರಡೂ ಒಂದೇನಾ ಅಂತ ಹೇಳುವವರು ಯಾರೂ ಇಲ್ಲ. ಏಜೆಂಟ್ ಪಾಪ ಫೈಲ್ ಹೆಸರು ನೋಡಿ ಊಹಿಸತೊಡಗಿತು. ಊಹೆಯ ಮೇಲೆ ಆಡಿಟ್ ಉತ್ತರ ಬರೆಯಲು ಆಗುತ್ತದಾ?

ಕೀ ತೋರಿಸದೆ, ಎರಡು ಕೀ ಒಂದೇ ಎಂದು ಹೇಳುವ ಗುರುತು ಬೇಕಿತ್ತು. ಮೊದಲು ಹೊಳೆದದ್ದು ಕೀಯ ಎಸ್‌ಎಚ್‌ಎ 256 ಹ್ಯಾಶ್, ಅಂದರೆ ಕೀಯಿಂದ ಲೆಕ್ಕ ಹಾಕಿದ, ಹಿಂದಕ್ಕೆ ತಿರುಗಿಸಲಾಗದ ಗುರುತು ಕೊಡುವುದು. ಉದ್ದದ ಟೋಕನ್‌ಗೆ ಅದು ಸರಿ. ಆದರೆ ಊರ ಹೆಸರು ಪ್ಲಸ್ ಇಸವಿ ಅಂಥ ಪಾಸ್‌ವರ್ಡ್‌ಗಳ ಹ್ಯಾಶ್ ಕೈಗೆ ಸಿಕ್ಕರೆ, ಸಾಮಾನ್ಯ ಪಾಸ್‌ವರ್ಡ್‌ಗಳನ್ನೆಲ್ಲ ಹ್ಯಾಶ್ ಮಾಡಿ ಹೋಲಿಸಿ ಯಾರು ಬೇಕಾದರೂ ಕಂಡುಹಿಡಿಯಬಹುದು. ನಮ್ಮಲ್ಲಿದ್ದವು ಅಂಥವೇ. ಹಾಗಾಗಿ ಎಚ್‌ಮ್ಯಾಕ್ ಬಳಸಿದೆವು. ಇದರಲ್ಲಿ ಹ್ಯಾಶ್ ಮಾಡುವಾಗ ನಮ್ಮದೊಂದು ಗುಟ್ಟಿನ ಕೀ ಕೂಡ ಬೆರೆಯುತ್ತದೆ. ಆ ಗುಟ್ಟಿನ ಕೀ ನಡುವಿನ ಸರ್ವರ್ ಬಿಟ್ಟು ಎಲ್ಲೂ ಇಲ್ಲ. ಅದಿಲ್ಲದೆ ಹೊರಗಿನವರು ಹೋಲಿಸಿ ನೋಡಲು ಆಗುವುದಿಲ್ಲ. ಬಂದ ಉದ್ದ ಸಾಲಿನ ಮೊದಲ 12 ಅಕ್ಷರ ತೆಗೆದು ಪ್ರತಿ ಕೀಗೂ ಟ್ಯಾಗ್ ಮಾಡಿದೆವು.

ಇದಕ್ಕೆ ನಡುವಿನ ಸರ್ವರ್ ಒಂದು ಕ್ಷಣ ನಿಜವಾದ ಕೀಯನ್ನು ನೋಡಲೇಬೇಕು. ಅಂದರೆ 'ಹೈಡ್ ಸೀಕ್ರೆಟ್' ಆ ಕರೆಯಲ್ಲಿ ಬಳಸುವಂತಿಲ್ಲ. ಗಿಟ್‌ಲೀಕ್ಸ್ ಕೂಡ ಮುಚ್ಚದೆ ಓಡಬೇಕು. ಇದರ ಬಗ್ಗೆ ನಮ್ಮಲ್ಲಿ ಬಿಸಿ ಚರ್ಚೆಯೇ ನಡೆಯಿತು. ಕೊನೆಗೆ ಒಪ್ಪಿದ್ದು ಹೀಗೆ: ಕೀ ಆ ಪ್ರೋಗ್ರಾಮಿನ ಮೆಮೊರಿಯಲ್ಲಿ ಮಾತ್ರ ಇರಬೇಕು. ಡಿಸ್ಕ್‌ಗೆ ಬರೆಯುವಂತಿಲ್ಲ, ಲಾಗ್ ಮಾಡುವಂತಿಲ್ಲ, ಎರರ್ ಮೆಸೇಜ್‌ನಲ್ಲೂ ಬರುವಂತಿಲ್ಲ. ಟ್ಯಾಗ್ ಬೇಡದ ಕೆಲಸಕ್ಕೆ, ಉದಾಹರಣೆಗೆ ಯಾವ ಅಲರ್ಟ್ ಇನ್ನೂ ಓಪನ್ ಇದೆ ಎಂದು ನೋಡುವುದಕ್ಕೆ, ಮುಚ್ಚಿದ ಕರೆಯೇ ಸಾಕು. ಎರರ್ ಮೆಸೇಜ್ ವಿಷಯ ಮರೆಯಬೇಡಿ. ಜೇಸನ್ ಓದುವಾಗ ಎಡವಿದ ಪ್ರೋಗ್ರಾಮ್ ಎಡವಿದ ಸಾಲನ್ನೇ ಎರರ್‌ನಲ್ಲಿ ಮುದ್ರಿಸುವುದುಂಟು. ಆ ಎರರ್ ಸೀದಾ ಏಜೆಂಟ್‌ಗೆ ಹೋಗುತ್ತದೆ.

ಟ್ಯಾಗ್ ಬಂದ ಮೇಲೆ ಪಟ್ಟಿ ಒಮ್ಮೆಲೇ ತಿಳಿಯಾಯಿತು. ನೂರಾರು ಸಾಲುಗಳು ಬೆರಳೆಣಿಕೆಯ ಗುಂಪುಗಳಾದವು. ಒಂದೇ ಡೇಟಾಬೇಸ್ ಪಾಸ್‌ವರ್ಡ್ ಹತ್ತಾರು ಫೈಲ್‌ಗಳಲ್ಲಿ ಓಡಾಡಿತ್ತು. ಏಜೆಂಟ್ ಗುಂಪುಗಳನ್ನು ಚೆಂದವಾಗಿ ಟೇಬಲ್ ಮಾಡಿತು. ನೆಮ್ಮದಿಯಾಗಿ ಚಹಾ ಕುಡಿದು ಬಂದು ಸ್ಕ್ರೀನ್ ನೋಡಿದರೆ, ಅಲ್ಲಿ ಇನ್ನೊಂದು ಕಾದಿತ್ತು.

ಏಜೆಂಟ್ ಒಂದು ಅಲರ್ಟ್ ಬಗ್ಗೆ ಗೊಂದಲಕ್ಕೆ ಬಿದ್ದಿತ್ತು. ಇದು ನಿಜವಾದ ಪಾಸ್‌ವರ್ಡೋ, ಸುಮ್ನೆ ಉದಾಹರಣೆಗೆ ಬರೆದದ್ದೋ? ಖಚಿತ ಮಾಡಿಕೊಳ್ಳಲು ಫೈಲ್ ತೆರೆದು ನೋಡುತ್ತೇನೆ ಎಂದು ಬರೆದಿತ್ತು. ಮುಂದಿನ ಸಾಲಿನಲ್ಲಿ ಫೈಲ್ ಓದುವ ಕಮಾಂಡ್. ಅದರ ಕೆಳಗೆ ಕಾನ್ಫಿಗ್ ಫೈಲ್‌ನ ಐದಾರು ಸಾಲು: ಹೋಸ್ಟ್, ಪೋರ್ಟ್, ಯೂಸರ್, ಆಮೇಲೆ ಪಾಸ್‌ವರ್ಡ್, ಬಯಲಾಗಿ. ಅದರ ಕೆಳಗೆ, ಇದು ನಿಜವಾದ ಪಾಸ್‌ವರ್ಡ್ ಎಂದು ತೋರುತ್ತದೆ, ತಕ್ಷಣ ಬದಲಾಯಿಸಿ ಎಂಬ ಸಲಹೆ.

ಏಜೆಂಟ್ ಕೆಟ್ಟದ್ದೇನೂ ಮಾಡಿರಲಿಲ್ಲ. ಕೊಟ್ಟ ಕೆಲಸವನ್ನು ಶ್ರದ್ಧೆಯಿಂದ ಮಾಡಿತ್ತು. ನಾವು ಮುಚ್ಚಿ ಕೊಟ್ಟ ಪಟ್ಟಿಯಲ್ಲೇ ಫೈಲ್ ಹೆಸರಿತ್ತು, ಸಾಲಿನ ಸಂಖ್ಯೆ ಇತ್ತು. ಅದೇ ಯಂತ್ರದಲ್ಲಿ ರೆಪೊದ ಪ್ರತಿಯೂ ಇತ್ತು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗಿತ್ತು. ಆ ಪಾಸ್‌ವರ್ಡ್ ಸೋರಿದೆ ಎಂದೇ ಬರೆದುಕೊಂಡು, ಆ ಸಂಜೆಯೇ ಬದಲಾಯಿಸಿದೆವು. ಲ್ಯಾಪ್‌ಟಾಪ್‌ನಲ್ಲಿದ್ದ ಮಾತುಕತೆಯ ಲಾಗ್ ಅಳಿಸಿದೆವು.

ಈ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸ್ಕ್ಯಾನ್ ಫಲಿತಾಂಶದಲ್ಲಿ ಕೀ ಮುಚ್ಚಿದರೆ ಸಾಲದು. ಆ ಕೀ ಇರುವ ಜಾಗಕ್ಕೆ ಏಜೆಂಟ್ ಹೋಗುವ ಎಲ್ಲ ದಾರಿಯನ್ನೂ ಮುಚ್ಚಬೇಕು. ನಾವು ಏಜೆಂಟ್ ಅನ್ನು ರೆಪೊ ಇಲ್ಲದ ಬೇರೆ ಯಂತ್ರಕ್ಕೆ, ಖಾಲಿ ಫೋಲ್ಡರ್‌ಗೆ ಕಳಿಸಿದೆವು. ಕಮಾಂಡ್ ಓಡಿಸುವ ಅನುಮತಿ ತೆಗೆದೆವು. ನಮ್ಮ ನಡುವಿನ ಸರ್ವರ್ ಒಂದೇ ಅದಕ್ಕೆ ಉಳಿದ ಟೂಲ್. ಟೋಕನ್ ಅನ್ನೂ ಮತ್ತೆ ನೋಡಿದೆವು. ಅದರಲ್ಲಿ 'ಕಂಟೆಂಟ್ಸ್' ಎಂಬ ಅನುಮತಿ ಇದ್ದರೆ ಎಪಿಐ ಮೂಲಕವೇ ಫೈಲ್ ಓದಬಹುದು. ಅದು ಇರಲಿಲ್ಲ. ಮೊದಲು ಬೇರೆ ಟೂಲ್ ಗುಂಪುಗಳನ್ನು ತೆಗೆಯಿರಿ ಎಂದೆನಲ್ಲ, ಅದಕ್ಕೂ ಇದೇ ಕಾರಣ. ರೆಪೊ ಗುಂಪಿನಲ್ಲಿ ಫೈಲ್ ತರುವ ಟೂಲ್ ಇದೆ.

ಇನ್ನೊಂದು ದಾರಿ ನಮಗೆ ತಡವಾಗಿ ಕಂಡಿತು. ಗಿಟ್‌ಲೀಕ್ಸ್ ವರದಿಯಲ್ಲಿ ಕಮಿಟ್ ಮೆಸೇಜ್ ಕೂಡ ಇರುತ್ತದೆ. ಹಳೆಯ ಕಮಿಟ್ ಒಂದರಲ್ಲಿ ಯಾರೋ "ಪಾಸ್‌ವರ್ಡ್ ಬದಲಾಯಿಸಿದೆ, ಹೊಸದು ಇದು" ಎಂದು ಮೆಸೇಜ್‌ನಲ್ಲೇ ಬರೆದಿದ್ದರು. ಸ್ಕ್ಯಾನರ್ ಹಿಡಿದದ್ದು ಫೈಲ್‌ನಲ್ಲಿದ್ದ ಹಳೆಯದನ್ನು, ಮುಚ್ಚಿದ್ದೂ ಅದನ್ನೇ. ಹೊಸದು ಮೆಸೇಜ್‌ನಲ್ಲಿ ಹಾಗೇ ಕೂತಿತ್ತು. ಅದೃಷ್ಟಕ್ಕೆ ಏಜೆಂಟ್‌ಗೆ ಕೊಡುವ ಮೊದಲೇ ನಮ್ಮ ಜೂನಿಯರ್ ಹುಡುಗಿ ನೋಡಿದಳು. "ಅಕ್ಕ, ಇದನ್ನ ಒಂಚೂರು ನೋಡಿ" ಎಂದು ಕರೆದಾಗ ಅವಳ ಮುಖ ಬಿಳಿಚಿಕೊಂಡಿತ್ತು.

ಅಲ್ಲಿಂದ ಬೇಡದ್ದನ್ನು ತೆಗೆಯುವ ಕ್ರಮ ಬಿಟ್ಟು, ಬೇಕಾದ್ದನ್ನು ಮಾತ್ರ ಕೊಡುವ ಕ್ರಮಕ್ಕೆ ಬಂದೆವು. ಅಲರ್ಟ್ ನಂಬರ್, ಕೀಯ ಬಗೆ, ಟ್ಯಾಗ್, ರೆಪೊ, ಫೈಲ್ ದಾರಿ, ಸಾಲು, ಕಮಿಟ್‌ನ ಗುರುತು ಮತ್ತು ದಿನಾಂಕ, ಸ್ಥಿತಿ, ಕೀ ಇನ್ನೂ ನಡೆಯುತ್ತದೆಯೇ ಎಂಬ ವ್ಯಾಲಿಡಿಟಿ. ಇಷ್ಟೇ. ಬರೆದವರ ಹೆಸರು, ಇಮೇಲ್, ಕಮಿಟ್ ಮೆಸೇಜ್ ಎಲ್ಲ ನಡುವಿನ ಸರ್ವರ್‌ನಲ್ಲೇ ನಿಲ್ಲುತ್ತವೆ. ಇದರಿಂದ ಇನ್ನೊಂದು ಲಾಭ ಇದೆ. ಕಮಿಟ್ ಮೆಸೇಜ್, ಇಶ್ಯೂ ಕಾಮೆಂಟ್ ಇವೆಲ್ಲ ಯಾರು ಬೇಕಾದರೂ ಬರೆಯಬಹುದಾದ ಮಾತು. ಅದರಲ್ಲಿ ಏಜೆಂಟ್‌ಗೆ ಆದೇಶದಂತೆ ಏನಾದರೂ ಬರೆದಿಟ್ಟರೆ ಅದು ನಂಬಿ ನಡೆದುಬಿಡಬಹುದು. ಆ ಮಾತು ಅದರ ಹತ್ತಿರ ಹೋಗದಿದ್ದರೆ ಆ ಭಯವೂ ಕಡಿಮೆ.

ವ್ಯಾಲಿಡಿಟಿ ಬಗ್ಗೆ ಒಂದು ಮಾತು. ಗಿಟ್‌ಹಬ್ ಅದನ್ನು ಆಕ್ಟಿವ್, ಇನ್‌ಆಕ್ಟಿವ್, ಅನ್‌ನೋನ್ ಎಂದು ಮೂರು ಬಗೆಯಲ್ಲಿ ಹೇಳುತ್ತದೆ. ಅನ್‌ನೋನ್ ಎಂದಿದ್ದನ್ನು ಸತ್ತದ್ದು ಎಂದು ಓದಬೇಡಿ. ಪರೀಕ್ಷಿಸಲು ಆಗಲಿಲ್ಲ ಎಂದಷ್ಟೇ ಅರ್ಥ. ನಮ್ಮ ಹೆಚ್ಚಿನವು ಅನ್‌ನೋನ್ ಆಗಿದ್ದವು, ಅದರಲ್ಲಿ ಹಲವು ಜೀವಂತ ಇದ್ದವು. ಹಾಗೆಯೇ 'ಟೆಸ್ಟ್' ಎಂಬ ಫೋಲ್ಡರ್‌ನಲ್ಲಿದೆ ಎಂದು ಏಜೆಂಟ್ ಒಂದಷ್ಟನ್ನು ಪರೀಕ್ಷೆಗೆ ಬಳಸಿದವು ಎಂದು ಬದಿಗಿಟ್ಟಿತ್ತು. ಟ್ಯಾಗ್ ನೋಡಿದರೆ ಅದರಲ್ಲಿ ಒಂದು, ನಿಜವಾದ ಸರ್ವರ್‌ನ ಕಾನ್ಫಿಗ್‌ನಲ್ಲಿದ್ದ ಕೀಯೇ. ಟ್ಯಾಗ್ ಇಲ್ಲದಿದ್ದರೆ ಅದು ತಪ್ಪಿಹೋಗುತ್ತಿತ್ತು.

ಇನ್ನು ಕೀ ಬದಲಾಯಿಸುವ ಕೆಲಸ. ಇದು ಮನುಷ್ಯರದ್ದೇ, ಸಮಯ ಹೆಚ್ಚು ತಿಂದಿದ್ದೂ ಇದೇ. ಎಡಬ್ಲ್ಯುಎಸ್‌ನಲ್ಲಿ ಕ್ರಮ ಗೊತ್ತಿರುವುದೇ: ಹೊಸ ಕೀ ಮಾಡಿ, ಪ್ರೋಗ್ರಾಮ್‌ಗೆ ಹಾಕಿ, ಹಳೆಯದನ್ನು ನಿಷ್ಕ್ರಿಯ ಮಾಡಿ ಸ್ವಲ್ಪ ದಿನ ಕಾದು, ಆಮೇಲೆ ಅಳಿಸಿ. ಒಬ್ಬ ಐಎಎಂ ಯೂಸರ್‌ಗೆ (ಎಡಬ್ಲ್ಯುಎಸ್ ಖಾತೆಯೊಳಗಿನ ಬಳಕೆದಾರರಿಗೆ) ಎರಡೇ ಕೀ ಇರಬಹುದು. ನಮ್ಮದರಲ್ಲಿ ಎರಡೂ ಜಾಗ ತುಂಬಿತ್ತು. ಎರಡನೆಯದು ಯಾರದು, ಎಲ್ಲಿ ಓಡುತ್ತಿದೆ, ಯಾರಿಗೂ ಗೊತ್ತಿಲ್ಲ. ಕೀ ಕೊನೆಯ ಸಲ ಯಾವಾಗ, ಯಾವ ಸೇವೆಗೆ ಬಳಕೆಯಾಯಿತು ಎಂದು ಎಡಬ್ಲ್ಯುಎಸ್ ತೋರಿಸುತ್ತದೆ. ಅದನ್ನು ಹಿಡಿದು ಹೋದಾಗ ಸಿಕ್ಕಿದ್ದು ಹುಬ್ಬಳ್ಳಿಯ ಒಬ್ಬ ಗ್ರಾಹಕರ ಅಂಗಡಿಯ ಹಿಂದಿನ ಕೋಣೆಯಲ್ಲಿರುವ ಕಂಪ್ಯೂಟರ್. ರಾತ್ರಿ ಬ್ಯಾಕಪ್ ಅಲ್ಲಿಂದ ಹೋಗುತ್ತಿತ್ತು.

ಅಲ್ಲಿ ಸಿಸ್ಟಮ್ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ. "ಮೇಡಂ, ಅದನ್ನ ಮುಟ್ಟಬ್ಯಾಡ್ರಿ. ಹಿಂದ ಒಮ್ಮೆ ಮುಟ್ಟಿದಾಗ ಎರಡ ದಿನ ಬಿಲ್ ಬಂದಿಲ್ರಿ" ಎಂದರು. ಅವರ ಭಯ ನ್ಯಾಯವಾದದ್ದೇ. ಅಂಗಡಿ ಮುಚ್ಚಿದ ಮೇಲೆ, ಅವರು ಲೈನ್‌ನಲ್ಲಿ ಇರುವಾಗಲೇ ಬದಲಾಯಿಸಿ, ಒಂದು ಬಿಲ್ ಮುದ್ರಿಸಿ, ಒಂದು ಬ್ಯಾಕಪ್ ಓಡಿಸಿ ತೋರಿಸಿದ ಮೇಲೆ ಫೋನ್ ಇಟ್ಟರು. ಇಂಥ ಗ್ರಾಹಕರು ನಿಮಗೂ ಇದ್ದರೆ ಅವರಿಗೆ ಮೊದಲೇ ತಿಳಿಸಿ ಸಮಯ ಕೇಳಿ. ಹೇಳದೆ ಕೇಳದೆ ಕೀ ಕಿತ್ತರೆ ಅಲ್ಲಿ ಕೌಂಟರ್‌ನಲ್ಲಿ ಕೂತವರು ಬೈಗುಳ ತಿನ್ನಬೇಕಾಗುತ್ತದೆ.

ಈ ಕೀಗಳನ್ನು ಯಾರಾದರೂ ದುರುಪಯೋಗ ಮಾಡಿದ್ದಾರಾ ಎಂದೂ ನೋಡಬೇಕಿತ್ತು. ಎಡಬ್ಲ್ಯುಎಸ್‌ನ ಕ್ಲೌಡ್‌ಟ್ರೇಲ್ (ಖಾತೆಯಲ್ಲಿ ನಡೆದದ್ದರ ದಾಖಲೆ) ಇತಿಹಾಸ ಸುಮ್ಮನೆ ತೆರೆದರೆ 90 ದಿನಗಳದ್ದು ಮಾತ್ರ ಸಿಗುತ್ತದೆ. ಅದಕ್ಕೂ ಹಿಂದಿನದು ಬೇಕಿದ್ದರೆ ಮೊದಲೇ ಬೇರೆ ಕಡೆ ಉಳಿಸುವ ವ್ಯವಸ್ಥೆ ಇರಬೇಕು. ಭಾರತದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಇದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್‌ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಪಟ್ಟಿಯಲ್ಲಿರುವ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಆದ್ದರಿಂದ ಲಾಗ್ ನೋಡಲು ಕೂರುವ ಮುಂಚೆಯೇ, ಏನಾದರೂ ಸಿಕ್ಕರೆ ಯಾರು ಬರೆದು ಕಳಿಸುತ್ತಾರೆ ಎಂದು ಗೊತ್ತುಮಾಡಿಕೊಂಡಿರಿ. ನಮಗೆ ಸಿಕ್ಕ ಲಾಗ್‌ಗಳಲ್ಲಿ ಅನುಮಾನದ ಬಳಕೆ ಕಾಣಲಿಲ್ಲ. ಆ ದಿನ ರಾತ್ರಿ ನಾನು ನೆಟ್ಟಗೆ ನಿದ್ದೆ ಮಾಡಿದೆ.

ಹಳೆಯ ಕಮಿಟ್‌ಗಳಿಂದ ಕೀ ಅಳಿಸಬೇಕೇ ಎಂದು ಹಲವರು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಬದಲಾಯಿಸಿ, ಅಳಿಸುವುದು ಆಮೇಲಿನ ಮಾತು. ಬದಲಾಯಿಸಿದ ಕೀ ಇತಿಹಾಸದಲ್ಲಿ ಉಳಿದರೂ ಅದು ಸತ್ತ ಅಕ್ಷರ. ಗಿಟ್ ಫಿಲ್ಟರ್ ರೆಪೊ ಎಂಬ ಸಾಧನ ಬಳಸಿ ಇತಿಹಾಸ ತಿದ್ದಿದರೆ ಎಲ್ಲರ ಕಮಿಟ್ ಗುರುತುಗಳೂ ಬದಲಾಗುತ್ತವೆ. ಹಳೆಯ ಪ್ರತಿ ಇಟ್ಟುಕೊಂಡವರು ಒಬ್ಬರು ಪುಶ್ ಮಾಡಿದರೆ (ಗಿಟ್‌ಹಬ್‌ಗೆ ಕಳಿಸಿದರೆ) ಎಲ್ಲ ವಾಪಸ್. ಗಿಟ್‌ಹಬ್‌ನಲ್ಲಿ ಹಳೆಯ ಪುಲ್ ರಿಕ್ವೆಸ್ಟ್‌ಗಳ ಕೊಂಡಿಯಲ್ಲೂ ಅದು ಉಳಿದಿರುತ್ತದೆ. ಅದನ್ನು ತೆಗೆಸಲು ಅವರ ಸಪೋರ್ಟ್‌ಗೆ ಬರೆಯಬೇಕು. ನಾವು ಒಂದೇ ರೆಪೊಗೆ ಮಾಡಿದೆವು. ಅದರಲ್ಲಿ ಗ್ರಾಹಕರ ಡೇಟಾ ಫೈಲ್ ಕೂಡ ಇತ್ತು, ಅದನ್ನು ಕೀಯಂತೆ ಬದಲಾಯಿಸಲು ಆಗುವುದಿಲ್ಲವಲ್ಲ. ಒಂದು ಎಚ್ಚರಿಕೆ: ಫಿಲ್ಟರ್ ರೆಪೊಗೆ ಏನೇನು ಅಳಿಸಬೇಕು ಎಂದು ಬರೆದುಕೊಡುವ ಫೈಲ್‌ನಲ್ಲಿ ಕೀಗಳೆಲ್ಲ ಪೂರ್ತಿಯಾಗಿ ಇರುತ್ತವೆ. ಅದನ್ನು ಏಜೆಂಟ್ ಹತ್ತಿರ ಮಾಡಿಸಬೇಡಿ. ಕೆಲಸ ಮುಗಿದ ಕೂಡಲೇ ಅಳಿಸಿ.

ಅಲರ್ಟ್ ಮುಚ್ಚುವ ಅಧಿಕಾರವನ್ನು ಏಜೆಂಟ್‌ಗೆ ಕೊಡಲಿಲ್ಲ. ಬದಲಾಯಿಸಿದವರೇ ಬಂದು 'ರಿವೋಕ್ಡ್' ಎಂದು ಕಾರಣ ಆರಿಸಿ, ದಿನಾಂಕ ಬರೆದು ಮುಚ್ಚಿದರು. ಏಜೆಂಟ್ ಪ್ರತಿ ಬೆಳಿಗ್ಗೆ ಉಳಿದವುಗಳ ಪಟ್ಟಿ ಮಾಡಿ, ಯಾರ ಹೆಸರಿನಲ್ಲಿ ಏನು ಬಾಕಿ ಎಂದು ತೋರಿಸುತ್ತಿತ್ತು. ಆ ಕೆಲಸವನ್ನು ಅದು ತುಂಬಾ ಚೆನ್ನಾಗಿ ಮಾಡಿತು. ಅಷ್ಟು ತಾಳ್ಮೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಆಡಿಟ್‌ನವರಿಗೆ ಪಟ್ಟಿ ಕಳಿಸಿದಾಗ ಇನ್ನೊಂದು ಸುತ್ತು ಮಾತುಕತೆಯಾಯಿತು. ಅವರಿಗೆ ಪುರಾವೆಯಾಗಿ ಹಳೆಯ ಕೀ ಕಾಣುವ ಸ್ಕ್ರೀನ್‌ಶಾಟ್ ಬೇಕಂತೆ. ಕೊಡಲು ಆಗುವುದಿಲ್ಲ ಎಂದೆವು. ಟ್ಯಾಗ್ ಅಂದರೇನು, ಒಂದೇ ಟ್ಯಾಗ್ ಇದ್ದರೆ ಒಂದೇ ಕೀ ಹೇಗೆ ಎಂದು ಫೋನ್‌ನಲ್ಲಿ ವಿವರಿಸಿದೆ. ಬದಲಾಯಿಸಿದ ದಿನಾಂಕ, ಸಂಬಂಧಪಟ್ಟ ಸೇವೆಯ ಆಡಿಟ್ ಲಾಗ್‌ನ ಸಾಲು, ಗಿಟ್‌ಹಬ್ ಅಲರ್ಟ್ ಮುಚ್ಚಿದ ದಾಖಲೆ, ಈ ಮೂರನ್ನು ಪ್ರತಿ ಟ್ಯಾಗ್‌ಗೂ ಜೋಡಿಸಿ ಕಳಿಸಿದೆವು. ಸ್ವಲ್ಪ ದಿನ ಸದ್ದಿರಲಿಲ್ಲ. ಆಮೇಲೆ ಒಪ್ಪಿದ್ದೇವೆ ಎಂದು ಮೇಲ್ ಬಂತು.

ಈಗ ಎಲ್ಲ ರೆಪೊಗಳಿಗೂ ಪುಶ್ ಪ್ರೊಟೆಕ್ಷನ್ ಆನ್ ಇದೆ. ಗುರುತಿಸಬಲ್ಲ ಬಗೆಯ ಕೀ ಕಮಿಟ್‌ನಲ್ಲಿದ್ದರೆ ಪುಶ್ ಮಾಡುವಾಗಲೇ ತಡೆಯುತ್ತದೆ. ಹಳೆಯ ಪಾಸ್‌ವರ್ಡ್‌ಗಳಂಥವಕ್ಕೆ ಗಿಟ್‌ಲೀಕ್ಸ್ ಅನ್ನು ಪ್ರತಿಯೊಬ್ಬರ ಯಂತ್ರದಲ್ಲೂ ಕಮಿಟ್‌ಗೆ ಮುಂಚೆ ಓಡುವಂತೆ ಹಾಕಿದ್ದೇವೆ. ಪಟ್ಟಿಯಲ್ಲಿ ಒಂದೇ ಒಂದು ಅಲರ್ಟ್ ಇನ್ನೂ ಓಪನ್ ಇದೆ. ಒಂದು ಸಹಕಾರ ಸಂಘದ ಸರ್ವರ್‌ನ ಪಾಸ್‌ವರ್ಡ್ ಅದು. ಮಾರ್ಚ್ ಕೊನೆಯ ಲೆಕ್ಕ ಮುಗಿಯುವವರೆಗೆ ಮುಟ್ಟಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ಅಲ್ಲಿಯವರೆಗೆ ಆ ಡೇಟಾಬೇಸ್‌ಗೆ ಅವರ ಆಫೀಸು ಮತ್ತು ನಮ್ಮ ಆಫೀಸಿನ ಐಪಿ ವಿಳಾಸದಿಂದ ಬಿಟ್ಟು ಬೇರೆಲ್ಲಿಂದಲೂ ಬರಲು ಆಗದಂತೆ ಮಾಡಿದ್ದೇವೆ. ಆಡಿಟ್‌ನವರಿಗೂ ಇದನ್ನು ಬರೆದು ತಿಳಿಸಿದ್ದೇವೆ.